ಕೋಡ್ ಇದೆಯಾ?

ಎರಡು ವಾರ ತಡಕಾಡಿ ರಜೆಗೆ ಒಂದು ಮನೆ ಮೆಚ್ಚಿಕೊಂಡಿದ್ದೆ. ಬಾಲ್ಕನಿ ಇದೆ, ಅಡುಗೆಮನೆ ಇದೆ, ಬಾಡಿಗೆಯೂ ಪರವಾಗಿಲ್ಲ. ಎರಡೇ ರಾತ್ರಿ. ದಿನಾಂಕ ಹಾಕಿದೆ, ಎಷ್ಟು ಜನ ಅಂತ ಹೇಳಿದೆ, ದುಡ್ಡು ಕಟ್ಟುವ ಪುಟಕ್ಕೆ ಬಂದೆ. ಅಲ್ಲಿಯವರೆಗೂ ಸುಖವಾಗಿದ್ದೆ. ಒಟ್ಟು ಮೊತ್ತದ ಕೆಳಗೆ ಒಂದು ಪುಟ್ಟ ಚೌಕ ಕಣ್ಣಿಗೆ ಬಿತ್ತು: 'ಪ್ರೋಮೋ ಕೋಡ್ ಇದೆಯಾ?'

ಇರಲಿಲ್ಲ. ಹಾಕಿದರೆ ರಿಯಾಯಿತಿ ಸಿಗುವ ಅಂಥದ್ದೊಂದು ಗುಟ್ಟಿನ ಪದ ನನ್ನ ಹತ್ತಿರ ಇರಬೇಕಿತ್ತು ಅನ್ನುವುದೂ ಗೊತ್ತಿರಲಿಲ್ಲ. ಈಗಷ್ಟೇ ನ್ಯಾಯವಾಗಿ ಕಂಡ ಬಾಡಿಗೆ ಇದ್ದಕ್ಕಿದ್ದಂತೆ ದುಬಾರಿ ಅನ್ನಿಸಿತು. ಯಾರೋ ಪುಣ್ಯಾತ್ಮರು ನನಗಿಂತ ಕಮ್ಮಿ ಕೊಟ್ಟು ಇದೇ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿರುತ್ತಾರೆ ಅಲ್ವಾ? ಈ ಹೊಟ್ಟೆಯುರಿ ಆನ್‌ಲೈನ್ ವ್ಯಾಪಾರದವರಿಗೂ ಚೆನ್ನಾಗಿ ಗೊತ್ತು. ಖಾಲಿ ಚೌಕ ಕಂಡವರು ಕೋಡ್ ಹುಡುಕಿಕೊಂಡು ಹೋಗಿ ವಾಪಸ್ ಬರುವುದೇ ಇಲ್ಲ ಅಂತ ಕೆಲವರು ಅದನ್ನು ಸಣ್ಣ ಅಕ್ಷರದ ಲಿಂಕಿನ ಹಿಂದೆ ಬಚ್ಚಿಡುತ್ತಾರೆ.

ನಾನೂ ಹುಡುಕಿಕೊಂಡು ಹೋದೆ. ಕೂಪನ್ ಹಂಚುವ ತಾಣಗಳಲ್ಲಿ ಕೋಡಿನ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧಕ್ಕೆ ಒತ್ತಬೇಕು. ಒತ್ತಿದರೆ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಪಕ್ಕದಲ್ಲಿ ಹಸಿರು ಗುರುತು, 'ಇಂದೇ ಪರೀಕ್ಷಿಸಿದ್ದು' ಅನ್ನುವ ಭರವಸೆ. ತಂದು ಹಾಕಿದರೆ 'ಈ ಕೋಡ್ ಮಾನ್ಯವಲ್ಲ'. ಎರಡನೆಯದರ ಅವಧಿ ಮುಗಿದಿತ್ತು. ಮೂರನೆಯದು ಹೊಸ ಗ್ರಾಹಕರಿಗೆ ಮಾತ್ರ. ವರ್ಷಗಟ್ಟಲೆ ಇವರ ಹತ್ತಿರವೇ ಬುಕ್ ಮಾಡಿಕೊಂಡು ಬಂದ ನನಗೆ ಏನೂ ಇಲ್ಲ, ನಿನ್ನೆ ಮೊನ್ನೆ ಬಂದವರಿಗೆ ಉಪಚಾರ.

ತಮ್ಮನಿಗೆ ಫೋನ್ ಮಾಡಿದೆ. ಅವನ ಹತ್ತಿರ ಇಂಥವು ಯಾವಾಗಲೂ ಇರುತ್ತವೆ. ಸ್ಕ್ರೀನ್‌ಶಾಟ್ ಕಳಿಸಿದ. ಅದರಿಂದ ಕಾಪಿ ಮಾಡುವ ಹಾಗಿಲ್ಲ, ನೋಡಿಕೊಂಡು ಒಂದೊಂದೇ ಅಕ್ಷರ ಕುಟ್ಟಬೇಕು.

"ಕೊನೇದು ಓ-ನಾ, ಸೊನ್ನೆನಾ?"

"ಎರಡೂ ಹಾಕಿ ನೋಡು ಅಕ್ಕಾ."

ಸೊನ್ನೆ ಹಿಡಿಯಿತು. ಹಳೆಯ ಮೊತ್ತದ ಮೇಲೆ ಗೀಟು ಬಿದ್ದು ಪಕ್ಕದಲ್ಲಿ ಹೊಸದು ಮೂಡುತ್ತದೆ ಅಂತ ಕಾಯುತ್ತಿದ್ದೆ. ಮೂಡಿದ್ದು ಇನ್ನೊಂದು ಸಾಲು: ಕನಿಷ್ಠ ಮೂರು ರಾತ್ರಿ ತಂಗಬೇಕು.

ಬುದ್ಧಿ ಇದ್ದವರು ಇಲ್ಲಿಗೆ ಬಿಡುತ್ತಿದ್ದರು. ನಾನು ಕ್ಯಾಲೆಂಡರ್‌ಗೆ ಹೋಗಿ ಒಂದು ದಿನ ಸೇರಿಸಿದೆ. ಆಗ ಬಿತ್ತು ಗೀಟು. ಆ ಗೀಟು ನೋಡುವ ಖುಷಿಯೇ ಬೇರೆ ಬಿಡಿ.

ಲೆಕ್ಕ ಹಾಕಿದ್ದು ಆಮೇಲೆ. ರಾತ್ರಿಗೆ 100 ಅಂತ ಇಟ್ಟುಕೊಳ್ಳಿ, ಶುಚಿ ಮಾಡುವ ಶುಲ್ಕ 50. ಎರಡು ರಾತ್ರಿಗೆ 250 ಆಗುತ್ತಿತ್ತು. ಈಗ ಮೂರು ರಾತ್ರಿಗೆ 300, ಅದರಲ್ಲಿ ಶೇ. 20 ಕಳೆದರೆ 240. ಶುಚಿ ಶುಲ್ಕಕ್ಕೆ ರಿಯಾಯಿತಿ ಇಲ್ಲ, ಆ 50 ಹಾಗೇ ಕೂತಿತು. ಒಟ್ಟು 290. ಉಳಿಸಿದ್ದು 60, ಜಾಸ್ತಿ ಕೊಟ್ಟದ್ದು 40. "ರಾತ್ರಿಗೆ ಎಷ್ಟು ಬಿತ್ತು ಅಂತ ನೋಡು, ಕಮ್ಮಿನೇ ಅಲ್ವಾ" ಅಂದ ತಮ್ಮ. ಅವನ ಲೆಕ್ಕವೂ ಸರಿ, ಅದಕ್ಕೇ ಅವನ ಜೊತೆ ವಾದಕ್ಕೆ ಇಳಿಯುವುದಿಲ್ಲ.

ಈ ಶುಚಿ ಶುಲ್ಕ ನನ್ನ ಹಳೇ ಶತ್ರು. ರಾತ್ರಿಯ ಬಾಡಿಗೆಯನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ ಇದನ್ನು ಕೊನೇ ಪುಟದವರೆಗೂ ಬಚ್ಚಿಡುವುದು ಬಹಳ ಕಾಲ ನಡೆಯಿತು. ಅಮೆರಿಕದಲ್ಲಿ 2025ರ ಮೇ 12ರಿಂದ ಇಂಥ ಮನೆಗಳ ದರವನ್ನು ಕಡ್ಡಾಯ ಶುಲ್ಕಗಳೆಲ್ಲ ಸೇರಿಸಿಯೇ ತೋರಿಸಬೇಕು ಅನ್ನುವ ನಿಯಮ ಬಂತು. ಒಳ್ಳೆಯದೇ. ಆದರೆ 'ಶೇ. 20ರವರೆಗೆ ರಿಯಾಯಿತಿ' ಅನ್ನುವಾಗಿನ ಆ 'ವರೆಗೆ'ಗೆ ಯಾರು ನಿಯಮ ಮಾಡುತ್ತಾರೋ ಕಾಣೆ.

ಕೋಕಾ-ಕೋಲಾದವರು 1880ರ ದಶಕದಲ್ಲೇ 'ಒಂದು ಲೋಟ ಪುಕ್ಕಟೆ' ಅಂತ ಚೀಟಿ ಹಂಚಿದ್ದರು. ಚೀಟಿ ಕೊಟ್ಟರೆ ಲೋಟ ಕೈಗೆ. ಕನಿಷ್ಠ ಮೂರು ಲೋಟ ಕುಡಿಯಬೇಕು, ಲೋಟ ತೊಳೆಯುವ ಶುಲ್ಕ ಬೇರೆ ಅಂತ ಯಾರಾದರೂ ಅಂದಿದ್ದರೆ ಆ ಚೀಟಿ ಅಲ್ಲೇ ಕಸದ ಬುಟ್ಟಿ ಸೇರುತ್ತಿತ್ತು.

ಅಂತೂ ಹೋದೆವು. ತಲುಪುವಾಗ ಕತ್ತಲಾಗಿತ್ತು. ಮಾಲೀಕರು ಅಲ್ಲಿರಲಿಲ್ಲ, ಬೀಗದ ಕೈಯೂ ಇಲ್ಲ. ಬಾಗಿಲ ಮೇಲೆ ಗುಂಡಿಗಳ ಒಂದು ಪುಟ್ಟ ಪೆಟ್ಟಿಗೆ. ಅದಕ್ಕೂ ಕೋಡ್ ಹಾಕಬೇಕಂತೆ! ಬ್ಯಾಗು ಕೆಳಗಿಟ್ಟು ಮೆಸೇಜ್ ತೆರೆದು ಒತ್ತಿದೆ. ಕೆಂಪು ದೀಪ. ಮತ್ತೆ ಒತ್ತಿದೆ, ಮತ್ತೆ ಕೆಂಪು.

"ಸೊನ್ನೆ ಬದಲು ಓ ಒತ್ತಿದೆಯೇನೋ ನೋಡು" ಅಂದ ತಮ್ಮ, ಹಿಂದಿನಿಂದ.

ನೋಡಿದೆ. ಆ ಪೆಟ್ಟಿಗೆಯಲ್ಲಿ ಓ ಇರಲೇ ಇಲ್ಲ, ಬರೀ ಅಂಕೆ. ನಾನು ಒತ್ತುತ್ತಿದ್ದದ್ದು ಪಕ್ಕದ ಮನೆ ಬಾಗಿಲು.