ಸತ್ಯಾಂಶ: ಉಪ್ಪುನೀರಿನ ಅಕ್ವೇರಿಯಂಗೆ ಚಿಕ್ಕ ಟ್ಯಾಂಕೇ ಸುಲಭವೇ?

"ಹೊಸಬರಿಗೆ 20 ಲೀಟರಿನ ಟ್ಯಾಂಕ್ ಸಾಕು, ಒಳ್ಳೆಯ ಫಿಲ್ಟರ್ ಇದ್ದರೆ ನೀರು ಬದಲಿಸುವುದೇ ಬೇಡ" ಎಂಬ ಮೆಸೇಜ್ ಓಡಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. 20 ಲೀಟರಿನಲ್ಲಿ ಒಂದು ಲೀಟರ್ ಆರಿದರೆ ಅದು 37ರ ಹತ್ತಿರಕ್ಕೆ ಏರುತ್ತದೆ. 200 ಲೀಟರಿನಲ್ಲಿ ಅಷ್ಟೇ ಆರಿದರೆ ಏರಿಕೆ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಟ್ಯಾಂಕಿನಲ್ಲಿ ನೀರು ಆರುವುದೂ ಜಾಸ್ತಿಯೇ, ನಿಜ. ಆದರೂ ಉಪ್ಪು, ಬಿಸಿ, ಅಮೋನಿಯಾ (ಮೀನಿನ ತ್ಯಾಜ್ಯದಿಂದ ಬರುವ ವಿಷ) ಎಲ್ಲ ನಿಧಾನವಾಗಿ ಏರುತ್ತವೆ, ಸರಿಪಡಿಸಲು ಸಮಯ ಸಿಗುತ್ತದೆ. ಅಂದಹಾಗೆ, ಆರಿದ ಜಾಗಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನೇ ಹಾಕಬೇಕು.

ಇನ್ನು ಫಿಲ್ಟರ್. ಮೀನಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಬ್ಯಾಕ್ಟೀರಿಯಾ. ಅವು ಹೆಚ್ಚಾಗಿ ಲೈವ್ ರಾಕ್ (ಸೂಕ್ಷ್ಮಜೀವಿಗಳು ತುಂಬಿದ ಸಮುದ್ರದ ಕಲ್ಲು) ಮತ್ತು ಮರಳಿನಲ್ಲಿ ನೆಲೆಸುತ್ತವೆ. ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬೇಡಿ. ಪ್ರೋಟೀನ್ ಸ್ಕಿಮ್ಮರ್ ಎಂಬ ಫಿಲ್ಟರ್ ಕೊಳೆಯನ್ನು ನೊರೆಯಲ್ಲಿ ಎತ್ತಿ ಹಾಕುತ್ತದೆ, ಆದರೆ ಆಗಲೇ ಕರಗಿರುವ ನೈಟ್ರೇಟ್ ಅದಕ್ಕೆ ಸಿಗುವುದಿಲ್ಲ. ಅದು ನೀರಿನಲ್ಲೇ ಸೇರುತ್ತಾ ಹೋಗುತ್ತದೆ. ಅದಕ್ಕೇ ಆಗಾಗ ಸ್ವಲ್ಪ ನೀರು ಬದಲಿಸುವುದು ತಪ್ಪುವುದಿಲ್ಲ.