ರೇಷನ್ ಅಕ್ಕಿಯಲ್ಲಿ ತೇಲುವ ಕಾಳು ಪ್ಲಾಸ್ಟಿಕ್ ಅಲ್ಲ

"ರೇಷನ್ ಅಕ್ಕಿ ತೊಳೆಯುವಾಗ ತೇಲುವ ಕಾಳು ಪ್ಲಾಸ್ಟಿಕ್, ತಿನ್ನಬೇಡಿ" ಎಂಬ ವಿಡಿಯೋ ನಮ್ಮ ಕಾಸರಗೋಡಿನ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂತು. ಬದಿಯಡ್ಕದ ಅತ್ತೆ ಆ ಕಾಳುಗಳನ್ನು ಆರಿಸಿ ಅಂಗಳಕ್ಕೆ ಎಸೆದರಂತೆ. ಕೇಳಿ ಬೇಜಾರಾಯಿತು.

ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿಯನ್ನೇ ಹಿಟ್ಟು ಮಾಡಿ, ಕಬ್ಬಿಣಾಂಶ, ಫೋಲಿಕ್ ಆಸಿಡ್ ಮತ್ತು ವಿಟಮಿನ್ ಬಿ12 ಬೆರೆಸುತ್ತಾರೆ. ಆಮೇಲೆ ಶ್ಯಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ, ಮತ್ತೆ ಅಕ್ಕಿಯ ಆಕಾರಕ್ಕೆ ಕತ್ತರಿಸುತ್ತಾರೆ. ಸಾಮಾನ್ಯವಾಗಿ 100 ಕಿಲೋ ಅಕ್ಕಿಗೆ ಇದು 1 ಕಿಲೋ. ಹಿಟ್ಟಿನಿಂದ ಮಾಡಿದ್ದಲ್ವಾ, ಬಣ್ಣ ಸ್ವಲ್ಪ ಬೇರೆ. ಹಗುರ ಇರುವುದರಿಂದ ಕೆಲವು ತೇಲುತ್ತವೆ.

ಅನುಮಾನ ಇದ್ದರೆ ನಾಲ್ಕು ಕಾಳು ಸುಟ್ಟು ನೋಡಿ. ಪ್ಲಾಸ್ಟಿಕ್ ಕರಗಿ ಮುದ್ದೆಯಾಗುತ್ತದೆ. ಇದು ಅಕ್ಕಿಯಂತೆಯೇ ಕರಕಲಾಗುತ್ತದೆ.

ಇಷ್ಟೆಲ್ಲ ಯಾಕೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಈ ಅಕ್ಕಿ ಒಂದರಿಂದಲೇ ಅದು ಹೋಗುವುದಿಲ್ಲ. ಸೊಪ್ಪು, ಬೇಳೆ, ಮೀನು ಬೇಕೇ ಬೇಕು. ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಉಣ್ಣಲಿ.

ಅತ್ತೆಗೆ ಫೋನ್ ಮಾಡಿ ಹೇಳಿದೆ: ಅಕ್ಕಿಯನ್ನು ಜಾಸ್ತಿ ಉಜ್ಜಿ ತೊಳೆಯಬೇಡಿ, ಗಂಜಿ ತಿಳಿಯನ್ನು ಸುಮ್ನೆ ಚೆಲ್ಲಬೇಡಿ.