ಟೆಡ್ಡಿ ಶೀನ್‌ಗೆ ತಡವಾಗಿ ಬಂದ ಪದಕ

ಸತ್ತು 78 ವರ್ಷವಾದ ಮೇಲೆ ಪದಕ ಕೊಟ್ಟು ಏನು ಪ್ರಯೋಜನ ಅಂತ ಲೇಖನದಲ್ಲಿ ಕೇಳಿದ್ದೀರಿ. ಕೊಟ್ಟಿದ್ದೇ ಸರಿ ಸಾರ್. ಟೆಡ್ಡಿ ಶೀನ್ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಹುಡುಗ, ನೌಕಾಪಡೆಯ ನಾವಿಕ, ವಯಸ್ಸು ಬರೀ 18. 1942ರ ಡಿಸೆಂಬರ್ 1ರಂದು ತಿಮೋರ್ ಸಮುದ್ರದಲ್ಲಿ ಜಪಾನಿ ವಿಮಾನಗಳು ಅವನಿದ್ದ ಆರ್ಮಿಡೇಲ್ ಅನ್ನೋ ಯುದ್ಧಹಡಗಿನ ಮೇಲೆ ಎರಗಿದವು. ಹಡಗು ಬಿಟ್ಟು ಹೊರಡಿ ಅಂತ ಆದೇಶವೂ ಆಗಿತ್ತು. ನೀರಿಗೆ ಹಾರಿದವರ ಮೇಲೂ ಗುಂಡಿನ ಮಳೆ. ಗಾಯಗೊಂಡಿದ್ದ ಹುಡುಗ ವಾಪಸ್ ಹೋಗಿ, ಗನ್ನಿಗೆ ತನ್ನನ್ನು ತಾನೇ ಪಟ್ಟಿಯಿಂದ ಬಿಗಿದುಕೊಂಡ. ಹಡಗು ಮುಳುಗುವಾಗಲೂ ಗುಂಡು ಹಾರಿಸುತ್ತಲೇ ಇದ್ದ. ಜೊತೆಗಾರರನ್ನು ಉಳಿಸಬೇಕಿತ್ತಲ್ವಾ! ಆಗ ಸಿಕ್ಕಿದ್ದು ಸೇನಾ ವರದಿಯಲ್ಲಿ ಒಂದು ಮೆಚ್ಚುಗೆಯ ಉಲ್ಲೇಖ, ಅಷ್ಟೇ. ಮನೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2020ರಲ್ಲಿ ಅಲ್ಲಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಆಸ್ಟ್ರೇಲಿಯಾ ನೌಕಾಪಡೆಯವರಿಗೆ ಸಿಕ್ಕ ಮೊದಲನೆಯದು ಅದು.